ಒಳಗೆ ಒಡೆದ ಹೆಲ್ಮೆಟ್

ಹೆಲ್ಮೆಟ್ಟಿನ ಗದ್ದದ ಪಟ್ಟಿ ಹರಿಯುವ ಹಾಗಾಗಿತ್ತು. ಅದನ್ನು ಹೊಲಿಸಿಕೊಂಡು ಬರಲೆಂದು ಮೈಲಾರವ್ವ ಜಮೀಲಾಬಿಯ ಮನೆಗೆ ಹೋದಳು. ಕುಬಿಹಾಳದ ಹೆಂಗಸರ ಕುಪ್ಪಸ, ಮಕ್ಕಳ ಅಂಗಿ, ಸೈಕಲ್ ರೇಸಿಗೆಂದು ಮೈಲಾರವ್ವ ತೊಡುವ ಪ್ಯಾಂಟು ಎಲ್ಲವೂ ಜಮೀಲಾಬಿಯ ಹೊಲಿಗೆ ಮಷಿನ್ನಿನಿಂದಲೇ ಬರುತ್ತಿದ್ದವು. ಆ ಪ್ಯಾಂಟಿನ ವಿಷಯವಾಗಿ ಊರಿನಲ್ಲಿ ಒಂದಷ್ಟು ದಿನ ಮಾತಾಗಿತ್ತು. ಆಮೇಲೆ ಮೈಲಾರವ್ವ ಗದಗಿನಿಂದ ಒಂದು ಕಪ್ಪು ಗೆದ್ದು ತಂದಳು, ಮಾತು ತಾನಾಗಿಯೇ ನಿಂತಿತು.

ಹೆಲ್ಮೆಟ್ಟು ಅವಳದಲ್ಲ, ಅಣ್ಣ ತಿರಕಪ್ಪನದು. ಆತ ರೇಸಿಗೆ ಹೋಗುತ್ತಿದ್ದ ಕಾಲದಲ್ಲಿ ಉಳಿದವರೆಲ್ಲ ಚರ್ಮದ ಪಟ್ಟಿಗಳನ್ನು ಕೂಡಿಸಿ ಹೊಲಿದ ಟೊಪ್ಪಿಗೆ ಹಾಕಿಕೊಂಡು ಸೈಕಲ್ ಹೊಡೆಯುತ್ತಿದ್ದರೆ, ತಿರಕಪ್ಪನ ತಲೆಯ ಮೇಲೆ ಮಾತ್ರ ಬೆಳ್ಳಗೆ ಹೊಳೆಯುವ ಈ ಗಟ್ಟಿ ಹೆಲ್ಮೆಟ್ಟು ಇರುತ್ತಿತ್ತು. ಪುಣೆಯ ರೇಸರ್ ಗೆಳೆಯನೊಬ್ಬ ಹೊರದೇಶದಿಂದ ತರಿಸಿ ಕೊಟ್ಟದ್ದು. ಎರಡು ವರ್ಷದ ಹಿಂದೆ ಲಕ್ಷ್ಮೇಶ್ವರದ ದಾರಿಯಲ್ಲಿ ಒಂದು ರೇಸು ನಡೆದಿತ್ತು. ಸುಗ್ಗಿಯ ದಿನಗಳು. ಹಳ್ಳಿಯೊಂದರ ಹತ್ತಿರ ರೈತರು ಲಾರಿ ಬಸ್ಸು ತುಳಿಯಲೆಂದು ಟಾರು ರಸ್ತೆಯ ಮೇಲೆಯೇ ಹುರುಳಿ ಹರವಿದ್ದರು. ತಿರುವಿನಲ್ಲಿ ಭರದಿಂದ ಬಂದ ತಿರಕಪ್ಪನ ಗಾಲಿ ಆ ಹೊಟ್ಟಿನ ಮೇಲೆ ಜಾರಿ, ತಲೆ ಹೋಗಿ ಮೈಲಿಗಲ್ಲಿಗೆ ಬಡಿಯಿತು. ಎಚ್ಚರವಾದಾಗ ಯಾರದೋ ಮನೆಯ ಕಟ್ಟೆಯ ಮೇಲೆ ಮಲಗಿದ್ದ. "ನನ್ನ ಸೈಕಲ್ ಎಲ್ಲೈತಿ?" ಎಂದು ಕೇಳಿದನಂತೆ.

ಮರುದಿನ ಮನೆಗೆ ನಡೆದುಕೊಂಡೇ ಬಂದ. ಹೆಲ್ಮೆಟ್ಟು ಇರದಿದ್ದರೆ ಹೆಣ ಬರುತ್ತಿತ್ತು ಎಂದು ಊರೆಲ್ಲ ಆಡಿಕೊಂಡಿತು. ತಾಯಿ ಬಸಕ್ಕ ಆ ಹೆಲ್ಮೆಟ್ಟಿಗೆ ಭಂಡಾರದ ಅರಿಸಿನ ಹಚ್ಚಿ ದೇವರ ಮಾಡದಲ್ಲಿ ಇಟ್ಟಳು. ತಿರಕಪ್ಪ ಮಾತ್ರ ಮತ್ತೆ ರೇಸಿಗೆ ಹೋಗಲಿಲ್ಲ. "ಹಿಟ್ಟಿನ ಗಿರಣಿ ನೋಡ್ಕೊಳ್ಳಾವ್ರು ಯಾರು?" ಎಂದ. ಅದಕ್ಕೆ ಬದಲು ತಂಗಿಯನ್ನು ತಯಾರು ಮಾಡತೊಡಗಿದ. ಅವಳು ಮೊದಲ ರೇಸಿಗೆ ಹೊರಟ ದಿನ ಮಾಡದಿಂದ ಹೆಲ್ಮೆಟ್ಟು ತೆಗೆದು, ಗೀರು ಬಿದ್ದಲ್ಲಿ ಬಿಳಿ ಬಣ್ಣ ಹಚ್ಚಿ, ತಾನೇ ಅವಳ ತಲೆಗೆ ಇಟ್ಟ.

ಈಗ ಜಮೀಲಾಬಿ ಪಟ್ಟಿಯ ಬುಡ ಸಿಗಲೆಂದು ಒಳಗಿನ ಅಸ್ತರಿನ ಹೊಲಿಗೆ ಬಿಚ್ಚಿದಳು. ಬಿಳಿಯ ಹರಳುಗಳು ಅವಳ ಮಡಿಲಿಗೆ ಉದುರಿದವು.

"ಇದೇನವಾ, ಚುರಮರಿ ಸುರದಂಗ ಸುರೀತೈತಿ?"

ಇಬ್ಬರೂ ಸೇರಿ ಅಸ್ತರನ್ನು ಪೂರ್ತಿ ಸರಿಸಿ ನೋಡಿದರು. ಒಳಗಿದ್ದ ಥರ್ಮೊಕೋಲ್ ಎಡಗಡೆ ಜಜ್ಜಿ ಹೋಗಿ ತೆಳ್ಳಗಾಗಿತ್ತು. ಅಲ್ಲಿಂದ ಹಿಂಬದಿಯವರೆಗೆ ಒಂದು ಬಿರುಕು ಹೋಗಿತ್ತು. ಮೈಲಾರವ್ವ ಹೆಬ್ಬೆರಳಿನಿಂದ ಒತ್ತಿದಳು. ತುಂಡು ಅಲುಗಾಡಿತು. ಹೊರಗೆ ತಿರುಗಿಸಿ ನೋಡಿದರೆ ಅಣ್ಣ ಹಚ್ಚಿದ ಬಿಳಿ ಬಣ್ಣ ಬಿಟ್ಟು ಬೇರೇನೂ ಇಲ್ಲ.

"ಮ್ಯಾಲೆ ನೋಡಿದ್ರ ಏನೂ ಗೊತ್ತಾಗೂದಿಲ್ಲ ನೋಡು," ಎಂದಳು ಜಮೀಲಾಬಿ. "ಹೊಲೀಲೋ, ಬಿಡ್ಲೋ?"

ರೇಸಿಗೆ ಇನ್ನು ವಾರವೂ ಉಳಿದಿರಲಿಲ್ಲ. ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಹೋಗುವ ರಸ್ತೆಯಲ್ಲಿ ಹುಡುಗಿಯರಿಗೆಂದೇ ಇಟ್ಟ ರೇಸು. ಅದರಲ್ಲಿ ಮುಂದೆ ಬಂದವರನ್ನು ರಾಜ್ಯದ ತಂಡಕ್ಕೆ ನೋಡುತ್ತಾರೆ ಎಂಬ ಸುದ್ದಿ ಇತ್ತು. ಹೆಲ್ಮೆಟ್ಟಿಲ್ಲದವರನ್ನು ಗೆರೆಯ ಹತ್ತಿರವೂ ಬಿಡುವುದಿಲ್ಲ. ಹೊಸದು ಬೇಕೆಂದರೆ ಪುಣೆಯಿಂದಲೇ ಬರಬೇಕು.

"ಹೊಲೀರಿ ಅಕ್ಕಾರ, ಮೊದಲ ಹೆಂಗಿತ್ತೋ ಹಂಗ."

ಜಮೀಲಾಬಿ ಹೊಲಿದು ಕೊಟ್ಟಳು. ಕೊಡುವಾಗ, "ಪಟ್ಟಿ ಗಟ್ಟಿ ಆಗೇತಿ. ಒಳಗಿಂದು ನನ್ನ ಕೈಯಾಗಿನ ಕೆಲಸ ಅಲ್ಲವಾ," ಎಂದಳು.

ಮರುದಿನ ಬೆಳಿಗ್ಗೆ ಎಂದಿನಂತೆ ಅಣ್ಣತಂಗಿ ರಸ್ತೆಗೆ ಇಳಿದರು. ಮುಂದೆ ಸೈಕಲ್ಲಿನ ಮೇಲೆ ಮೈಲಾರವ್ವ, ಹಿಂದೆ ಲೂನಾದ ಮೇಲೆ ತಿರಕಪ್ಪ. ಎರೆಭೂಮಿಯ ಸಪಾಟು ರಸ್ತೆ. ಹಳ್ಳದ ಸೇತುವೆಯ ಹತ್ತಿರ ಮಾತ್ರ ಒಂದು ಉದ್ದನೆಯ ಇಳಿಜಾರು. ಆ ಇಳಿಜಾರನ್ನು ಮೈಲಾರವ್ವ ಎಷ್ಟೋ ಸಲ ಕಣ್ಣು ಮುಚ್ಚಿದವಳಂತೆ ಇಳಿದಿದ್ದಳು. ಅಂದು ಅರ್ಧಕ್ಕೆ ಬರುವಷ್ಟರಲ್ಲಿ ಎಡಗಿವಿಯ ಮೇಲೆ ಏನೋ ಅಲುಗಿದ ಹಾಗಾಯಿತು. ನಿಜಕ್ಕೂ ಅಲುಗಿತೋ, ಮನಸ್ಸಿಗೆ ಹಾಗನ್ನಿಸಿತೋ ತಿಳಿಯದು. ಕೈ ತಾನೇ ಬ್ರೇಕು ಹಿಡಿಯಿತು.

ಸೇತುವೆಯ ಮೇಲೆ ನಿಂತು ಅಣ್ಣನಿಗಾಗಿ ಕಾದಳು. ಇಳಿಜಾರಿನಲ್ಲಿ ಅವನು ಯಾವಾಗಲೂ ತಡವಾಗಿಯೇ ಬರುತ್ತಿದ್ದ. ಎರಡೂ ಕಾಲು ಕೆಳಗೆ ಬಿಟ್ಟು, ನೆಲ ಸವರುತ್ತ, ಮೆಲ್ಲಗೆ.

"ಬ್ರೇಕ್ ಯಾಕ ಹಿಡದಿ? ಅಲ್ಲೇ ಗೆಲ್ಲೂದು ಇರತೈತಿ, ಅಲ್ಲೇ ಕೈ ಬಿಟ್ಟಿ!"

"ಅಣ್ಣಾ, ಹೆಲ್ಮೆಟ್ ಒಳಗ ಒಡದೈತಿ. ನೀ ಬಿದ್ದಾಗನ ಒಡದಿರಬೇಕು. ಹೊಸಾದು ತರಸೂಣು."

ತಿರಕಪ್ಪ ಹೆಲ್ಮೆಟ್ಟನ್ನು ಇಸಿದುಕೊಂಡು ಹೊರಮೈ ಸವರಿ ನೋಡಿದ. ಬೆರಳು ಕೊಕ್ಕೆ ಮಾಡಿ ಟಕಟಕ ಬಡಿದ.

"ಏನಾಗೇತಿ ಇದಕ್ಕ? ಕಲ್ಲಿಗೆ ಬಡದ್ರೂ ನನ್ನ ತಲಿ ಉಳಿಸಿದ್ದಿದು."

"ಉಳಸಾಕ ಹೋಗಿನ ಒಡದೈತಿ. ಇನ್ನೊಂದು ಸಲ ತಡಿಯೂದಿಲ್ಲ."

"ನನಗೇನೂ ಆಗಿಲ್ಲ ಅಂದಮ್ಯಾಲೆ ಇದಕ್ಕೇನಾಗತೈತಿ? ಅಂಜಿಕಿ ಬಂದೈತಿ ನಿನಗ. ಅಂಜಿಕಿಗೆ ಹೆಲ್ಮೆಟ್ ನೆವ ಬ್ಯಾಡ."

ಮನೆಯಲ್ಲಿ ತಾಯಿಯೂ ಮಗನ ಕಡೆಗೇ ಮಾತಾಡಿದಳು. "ದೇವರ ಮುಂದ ಇಟ್ಟಿದ್ದ ಟೊಪಗಿ ಅದು. ಭಂಡಾರ ಬಿದ್ದೈತಿ. ಬ್ಯಾರೇದು ಅಂತ ಬಾಯಾಗ ತರಬ್ಯಾಡ," ಎಂದಳು ಬಸಕ್ಕ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ.

ಅಣ್ಣ ಹೇಳಿದ ಒಂದು ಮಾತು ಮೈಲಾರವ್ವನ ತಲೆಯಲ್ಲಿ ತಿರುಗುತ್ತಲೇ ಇತ್ತು. ನನಗೇನೂ ಆಗಿಲ್ಲ. ಹೌದೇ? ಗಿರಣಿಯಲ್ಲಿ ಅವನು ಗುರವ್ವನ ಜೋಳದ ಹಿಟ್ಟನ್ನು ಸುಶೀಲವ್ವನಿಗೆ ಕೊಟ್ಟು, ಸುಶೀಲವ್ವನ ಗೋದಿ ಹಿಟ್ಟನ್ನು ಗುರವ್ವನಿಗೆ ಕೊಟ್ಟು, ಹೆಂಗಸರೆಲ್ಲ ನಕ್ಕಿದ್ದು ಒಂದು ಸಲವಲ್ಲ. ಗಿರಣಿಯ ಸದ್ದಿನಲ್ಲಿ ಹಾಗಾಗುತ್ತದೆ ಎಂದುಕೊಂಡಿದ್ದಳು. ಮಧ್ಯಾಹ್ನ ಬಾಗಿಲು ಹಾಕಿ, ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದ. ಬಿಸಿಲಿಗೆ ಅಂದುಕೊಂಡಿದ್ದಳು. ಬಿದ್ದ ದಿನದಿಂದ ಅವನು ಸೈಕಲ್ಲಿನ ಮೇಲೆ ಕೂತದ್ದನ್ನು ತಾನು ನೋಡಿಯೇ ಇಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅದಕ್ಕೇನು ಅಂದುಕೊಂಡಿದ್ದಳೋ ನೆನಪಾಗಲಿಲ್ಲ.

ರೇಸಿನ ಹಿಂದಿನ ದಿನದ ಮುಂಜಾನೆ ಇಳಿಜಾರಿನ ನೆತ್ತಿಗೆ ಬಂದ ಮೈಲಾರವ್ವ ಸೈಕಲ್ಲಿನಿಂದ ಇಳಿದಳು. ಹೆಲ್ಮೆಟ್ಟು ಬಿಚ್ಚಿ ಅಣ್ಣನ ಮುಂದೆ ಹಿಡಿದಳು.

"ಇದು ಚಲೋ ಐತಿ ಅಂತೀದಿ ಅಲ್ಲ? ಹಾಕ್ಕೊಂಡು ನೀ ಇಳದು ತೋರಸು. ನೀ ಇಳದ್ರ ನಾಳೆ ನಾನೂ ಇದನ್ನ ಹಾಕ್ಕೊಂಡು ಹೊಡೀತೀನಿ. ಮತ್ತ ಒಂದು ಮಾತು ಆಡೂದಿಲ್ಲ."

"ಹುಚ್ಚಿ ಏನ್ಬೇ ನೀ? ಹೊತ್ತಾಗತೈತಿ, ನಡಿ."

"ಇಳದು ತೋರಸಣ್ಣಾ."

ತಿರಕಪ್ಪನಿಗೆ ಸಿಟ್ಟು ಬಂತು. ಹೆಲ್ಮೆಟ್ಟು ಕಸಿದುಕೊಂಡು ತಲೆಗೆ ಹಾಕಿದ, ಪಟ್ಟಿ ಬಿಗಿದ, ಸೈಕಲ್ ಹತ್ತಿ ಒಂದು ಕಾಲನ್ನು ನೆಲಕ್ಕೆ ಊರಿ ನಿಂತ. ಕೆಳಗೆ ಸೇತುವೆ, ಅದರಾಚೆ ಕಡಲೆಯ ಹೊಲಗಳು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಂದು ಕಾಲದಲ್ಲಿ ಇದೇ ಇಳಿಜಾರಿನಲ್ಲಿ ಹ್ಯಾಂಡಲ್ ಬಿಟ್ಟು ಇಳಿದು ತಂಗಿಯನ್ನು ಹೆದರಿಸುತ್ತಿದ್ದವನು ಅವನು. ಊರಿದ ಕಾಲನ್ನು ಎತ್ತಿದ. ಗಾಲಿ ಅರ್ಧ ಸುತ್ತೂ ತಿರುಗಿರಲಿಕ್ಕಿಲ್ಲ, ಮತ್ತೆ ಊರಿದ. ಇನ್ನೊಮ್ಮೆ ಎತ್ತಿದ, ಊರಿದ. ಅವನ ಮುಖದಲ್ಲಿ ಬೆವರು ಕಂಡಾಗ ಮೈಲಾರವ್ವನಿಗೆ ತಾನು ಹೀಗೆ ಮಾಡಬಾರದಿತ್ತು ಅನ್ನಿಸಿತು. ಓಡಿ ಹೋಗಿ ಹ್ಯಾಂಡಲ್ ಹಿಡಿದಳು.

"ಸಾಕು. ಇಳಿ ಅಣ್ಣಾ."

ತಿರಕಪ್ಪ ರಸ್ತೆಯ ಬದಿಯಲ್ಲಿ, ಬೇವಿನ ಗಿಡದ ಬುಡಕ್ಕೆ ಕುಳಿತ. ಹೆಲ್ಮೆಟ್ಟು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

"ಎರಡು ವರ್ಷ ಆತು ಮೈಲೂ," ಎಂದ. "ಸೈಕಲ್ ಮ್ಯಾಲೆ ಕುಂತೆ ಅಂದ್ರ ರಸ್ತೆ ಬಾಜೂಕ ಸರದಂಗ ಆಗತೈತಿ. ತಲಿಯೊಳಗ ಗಿರಣಿ ತಿರಗಿದಂಗ. ಮಂದಿ ಹೆಸರು ನೆನಪಾಗೂದಿಲ್ಲ. ಒಮ್ಮೊಮ್ಮೆ ನಿಂದೂ."

"ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಊರೆಲ್ಲಾ ತಿರಕಪ್ಪ ಉಳಕೊಂಡ ಅಂತಿತ್ತು. ಯವ್ವ ಟೊಪಗಿ ಪೂಜಿ ಮಾಡಾಕ ನಿಂತಿದ್ಲು. ನಾನೂ ಹೌದು, ಉಳಕೊಂಡೀನಿ ಅಂದೆ." ಅವನು ಅಸ್ತರಿನ ಮೇಲಿಂದಲೇ ಎಡಗಡೆ ಬೆರಳಿಟ್ಟು ಒತ್ತಿದ. ಕಿರ್ ಎಂದಿತು. "ಇದು ಒಡದೈತಿ ಅಂತ ನನಗ ಗೊತ್ತಿಲ್ಲೇನು? ಬಣ್ಣ ಹಚ್ಚಿದ ದಿನಾನ ಗೊತ್ತಾಗಿತ್ತು."

ಆ ಮಾತು ಕೇಳಿ ಮೈಲಾರವ್ವನಿಗೆ ಸಿಟ್ಟು ಉಕ್ಕಿತು. ಗೊತ್ತಿದ್ದೂ ತನ್ನ ತಲೆಗೆ ಹಾಕಿದನೆ? ಕೇಳಬೇಕೆಂದು ಬಾಯಿ ತೆರೆದಳು. ಅವನು ತಲೆ ಎತ್ತಿ ಅವಳನ್ನು ನೋಡುತ್ತಿರಲಿಲ್ಲ. ಕೇಳದೆಯೇ ಸೈಕಲ್ಲನ್ನು ಊರ ಕಡೆಗೆ ತಿರುಗಿಸಿದಳು. ದಾರಿಯುದ್ದಕ್ಕೂ ಇಬ್ಬರೂ ನಡೆದುಕೊಂಡೇ ಬಂದರು, ಅವಳು ಸೈಕಲ್ ತಳ್ಳುತ್ತ, ಅವನು ಲೂನಾ ತಳ್ಳುತ್ತ. ಆ ಸಿಟ್ಟು ಅವಳಿಂದ ಪೂರ್ತಿ ಹೋಗಲು ತಿಂಗಳುಗಳೇ ಬೇಕಾದವು.

ರೇಸಿನ ದಿನ ಹೋಗುವುದೇ ಬೇಡ ಎಂದು ಮೈಲಾರವ್ವ ಅಂದುಕೊಂಡಿದ್ದಳು. ತಿರಕಪ್ಪನೇ ಎಬ್ಬಿಸಿದ. "ಹೆಸರು ಕೊಟ್ಟೀವಿ. ಹೋಗಿ ಹೇಳಿ ಬರೂಣು. ಸುಳ್ಳು ನೆವ ಬ್ಯಾಡ." ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದರು. ರಸ್ತೆಗೆ ಸುಣ್ಣದ ಗೆರೆ ಎಳೆದಿದ್ದರು. ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಹುಡುಗಿಯರಿಗೆ ನಂಬರು ಹಂಚುತ್ತಿದ್ದರು. ತಿರಕಪ್ಪನನ್ನು ಕಂಡು ಅವರ ಮುಖ ಅರಳಿತು.

"ಏನಪಾ ತಿರಕಪ್ಪಾ, ತಂಗೀನ ಕರಕೊಂಡು ಬಂದೀ? ಸೈಕಲ್ ಎಲ್ಲಿ?"

"ತಂದಿಲ್ರಿ. ಆಕಿ ಇವತ್ತು ಹೊಡಿಯೂದಿಲ್ರಿ. ಹೆಲ್ಮೆಟ್ ಒಡದೈತಿ."

ಅವರು ಅವನ ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿದರು. "ಅಗದಿ ಚಲೋ ಕಾಣ್ತೈತಲ್ಲೋ. ಗದ್ದದ ಪಟ್ಟಿನೂ ಹೊಸಾದು. ನಾನೇನು ಒಳಗ ಬಿಚ್ಚಿ ನೋಡ್ತೀನೇನು? ಹೊಡೀಲಿ ಬಿಡು."

ಸುತ್ತ ನಾಲ್ಕಾರು ಮಂದಿ ಹಳೆಯ ರೇಸರುಗಳು ನಿಂತಿದ್ದರು. ಎಲ್ಲರೂ ಒಂದಾನೊಂದು ಕಾಲದಲ್ಲಿ ತಿರಕಪ್ಪನ ಹಿಂದಿನ ಗಾಲಿ ನೋಡಿಕೊಂಡು ಸೈಕಲ್ ಹೊಡೆದವರು.

"ಕಾಣಾಕ ಚಲೋನ ಕಾಣ್ತೈತ್ರಿ," ಎಂದ ತಿರಕಪ್ಪ. "ಒಳಗ ಒಡದೈತಿ. ಬಿದ್ದಾಂವ ನಾನ. ಆವತ್ತ ತಗದು ಒಗೀಬೇಕಾಗಿತ್ತು, ಒಗೀಲಿಲ್ಲ. ನನ್ನ ತಲೀನೂ ಸರಿ ಇಲ್ರಿ ಆವಾಗಿಂದ. ಅದಕ್ಕ ನಾ ಬಿಟ್ಟಿದ್ದು. ಗಿರಣಿ ಸಲುವಾಗಿ ಅಲ್ಲ."

ಹಿರಿಯರು ಹೆಲ್ಮೆಟ್ಟು ಮರಳಿ ಕೊಟ್ಟು, ಅವನ ಭುಜದ ಮೇಲೆ ಒಂದು ಗಳಿಗೆ ಕೈ ಇಟ್ಟು, ನಂಬರು ಹಂಚಲು ಹೋದರು.

ಸೀಟಿ ಊದಿದರು. ಹುಡುಗಿಯರು ಹೊರಟರು. ಒಂದೂವರೆ ತಾಸಿನ ಮೇಲೆ, ಗದಗಿನ ರೇಸಿನಲ್ಲಿ ಮೈಲಾರವ್ವನ ಹಿಂದೆ ಬಂದಿದ್ದ ಹುಡುಗಿಯೇ ಗೆದ್ದು ಬಂದಳು, ಜನ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ಹೊಟ್ಟೆ ಉರಿಯಿತು, ಇಲ್ಲವೆಂದರೆ ಸುಳ್ಳಾದೀತು. ಆ ಹುಡುಗಿಯನ್ನೇ ತಂಡಕ್ಕೆ ಆರಿಸಿದರು.

ಆ ವಾರವೇ ಮೈಲಾರವ್ವ ಅಣ್ಣನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಗುಳಿಗೆ ಕೊಟ್ಟು, ಬೇಗ ಬರಬೇಕಿತ್ತು ಎಂದು ಬೈದು, ಆರು ತಿಂಗಳು ಗಿರಣಿಯ ಸದ್ದಿಗೆ ಹೋಗಬೇಡ, ಗಾಡಿ ಮುಟ್ಟಬೇಡ ಎಂದರು. ಗಿರಣಿಯ ಕೆಲಸ ಮೈಲಾರವ್ವನ ಪಾಲಿಗೆ ಬಂತು. ಹಗಲೆಲ್ಲ ಹಿಟ್ಟು ಮೆತ್ತಿಕೊಂಡು, ಸಂಜೆ ಸೈಕಲ್ ತೆಗೆಯುತ್ತಿದ್ದಳು, ಇಳಿಜಾರು ಇರದ ಕಡೆಗೆ.

ಬಸಕ್ಕನಿಗೆ ಮಗನ ಸಂಗತಿ ಹೇಳಿದಾಗ ಅವಳು ಅತ್ತಳು. ಆಮೇಲೆ ಹೆಲ್ಮೆಟ್ಟನ್ನು ಮತ್ತೆ ಮಾಡದಲ್ಲಿ ಇಟ್ಟಳು. "ಒಡದಿದ್ರೂ ಜೀವ ಕೊಟ್ಟೈತಲ್ಲ," ಎಂದಳು. ಅದಕ್ಕೆ ಯಾರೂ ಎದುರಾಡಲಿಲ್ಲ. ಆದರೆ ಓಣಿಯ ಮಾಳಪ್ಪ ಹೊಸದಾಗಿ ಮೋಟಾರ್ ಸೈಕಲ್ ಕೊಂಡು, "ಸುಮ್ನ ಇಟ್ಟೀರಿ ಅಲ್ಲ, ಆ ಟೊಪಗಿ ನನಗರ ಕೊಡ್ರಿ," ಎಂದು ಕೇಳಿಕೊಂಡು ಬಂದ ದಿನ, ತಿರಕಪ್ಪ ಎದ್ದು ಹೋಗಿ ಕತ್ತರಿಯಿಂದ ಅದರ ಪಟ್ಟಿಯನ್ನು ಎರಡೂ ಕಡೆ ಕತ್ತರಿಸಿ ಹಾಕಿದ. "ಮಾಡದಾಗ ಇರ್ಲಿ. ಯಾರ ತಲಿಗೂ ಬ್ಯಾಡ."

ಪುಣೆಯ ಗೆಳೆಯನಿಗೆ ಹೇಳಿ ಕಳಿಸಿದ್ದರಿಂದ ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಹೆಲ್ಮೆಟ್ಟು ಲಾರಿಯ ಮೇಲೆ ಬಂತು. ಕೆಂಪು ಬಣ್ಣದ್ದು. ಮೈಲಾರವ್ವ ಮೊದಲು ಅದರ ಅಸ್ತರನ್ನು ಸರಿಸಿ, ಒಳಗೆಲ್ಲ ಬೆರಳಾಡಿಸಿ ನೋಡಿದಳು.

ಮರುವರ್ಷದ ರೇಸಿನಲ್ಲಿ ಮೂರನೆಯವಳಾಗಿ ಬಂದಳು. ಆ ಸಲ ಇಬ್ಬರನ್ನೇ ಆರಿಸುವುದಿತ್ತು. ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಗಿರಮಿಟ್ ತಿನ್ನುತ್ತ ತಿರಕಪ್ಪ, ಕೊನೆಯ ಮೈಲಿನಲ್ಲಿ ಅವಸರ ಮಾಡಿದಿ, ಗಾಳಿಗೆ ಎದುರು ಹೋದಿ ಎಂದು ತಪ್ಪು ತೋರಿಸಿದ. ಅವಳು ಹೌದೌದು ಎಂದಳು.

"ಗೆದ್ದಾಕಿ ಹೆಸರೇನಂದಿ?"

"ಹಲೀಮಾಬಿ."

ಸ್ವಲ್ಪ ಹೊತ್ತು ಗಾಳಿಯ ಮಾತು, ಗಾಲಿಯ ಮಾತು ಆಡಿ ಮತ್ತೆ ಅದನ್ನೇ ಕೇಳಿದ. ಮೈಲಾರವ್ವ ಮತ್ತೆ ಹೇಳಿದಳು. ಊರ ಕಡೆಗೆ ಹೋಗುವ ಕುಂದಗೋಳದ ಬಸ್ಸು ಬಂತು. ಆಕೆ ಸೈಕಲ್ಲನ್ನು ಮೇಲೆ ಹಾಕಿಸಿ, ಹೆಲ್ಮೆಟ್ಟನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಅಣ್ಣನ ಪಕ್ಕದಲ್ಲಿ ಕುಳಿತಳು.