ಸೊನ್ನೆಗೆ ಇಳಿಯುವ ಫ್ಯಾನು

ನನ್ನ ಹೆಸರಿಗೆ ಮಸಿ ಬಳಿದವರು ಹೊರಗಿನವರಲ್ಲ, ಸ್ವಂತ ಅಕ್ಕನ ಗಂಡ. ಕಂಪ್ಯೂಟರ್ ಜೋಡಿಸಿಕೊಡುವುದು ನನ್ನ ಕೆಲಸ. ಭಾವ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುವವರು. ಮನೆಯ ಹಿಂದಿನ ಕೋಣೆಯ ಗೋಡೆಗೆಲ್ಲ ದಪ್ಪ ಸ್ಪಂಜು ಹೊಡೆಸಿ ಅದನ್ನು ಸ್ಟುಡಿಯೊ ಎಂದು ಕರೆಯುತ್ತಾರೆ. ಅಲ್ಲಿನ ಕಂಪ್ಯೂಟರ್ ನಾನೇ ಮಾಡಿಕೊಟ್ಟದ್ದು. ಓದಿಸುವ ಕಂಪನಿಯವರು ಒಮ್ಮೆ, ಮಾತಿನ ನಡುವೆ ಸಣ್ಣಗೆ ಸುಂಯ್ ಅನ್ನುವ ಸದ್ದು ಬರುತ್ತಿದೆ ಎಂದರಂತೆ. ಭಾವ ಹಿಂದೆ ಮುಂದೆ ನೋಡಲಿಲ್ಲ. "ನಮ್ಮ ನಾದಿನಿ ಮಾಡ್ಕೊಟ್ಟ ಡಬ್ಬ ಸ್ವಾಮಿ, ಅದರ ಫ್ಯಾನು ಕೂಗುತ್ತೆ" ಎಂದುಬಿಟ್ಟರು.

ಓದುವವರು, ಹಾಡುವವರು, ಡಬ್ಬಿಂಗ್ ಮಾಡುವವರು ಎಲ್ಲರಿಗೂ ಒಬ್ಬರಿಗೊಬ್ಬರ ಪರಿಚಯ. ಮಾತು ಹಬ್ಬಲು ಎಷ್ಟು ಹೊತ್ತು? ಸದ್ದು ಮಾಡದ ಯಂತ್ರ ಬೇಕಾದವರೇ ನನ್ನ ಗಿರಾಕಿಗಳಾಗಿದ್ದರು. ಅವರೆಲ್ಲ ನನ್ನ ಅಂಗಡಿಯ ಮುಂದೆಯೇ ಹಾದು ಪಕ್ಕದ ಅಂಗಡಿಗೆ ಹೋಗತೊಡಗಿದರು. ಒಬ್ಬನಂತೂ ನನ್ನನ್ನು ಕಂಡು ಫೋನಿನಲ್ಲಿ ಮಾತಾಡುವವನಂತೆ ನಟಿಸಿದ. ನನಗೆ ಮೈಯೆಲ್ಲ ಉರಿಯಿತು.

ನಾನೇನು ಸುಮ್ಮನಿದ್ದೆನೇ? ಆ ಡಬ್ಬವನ್ನು ಅಂಗಡಿಗೆ ತಂದು ಇಡೀ ದಿನ ಕಿವಿ ಇಟ್ಟು ಕೇಳಿದೆ. ಫ್ಯಾನಿನ ಮಾಮೂಲಿ ಗಾಳಿ ಸದ್ದು ಬಿಟ್ಟರೆ ಸುಂಯ್ ಇಲ್ಲ, ಗುಂಯ್ ಇಲ್ಲ. "ಬಿಸಿಯಾದ್ಮೇಲೆ ಕೂಗುತ್ತೆ ಅದು" ಎಂದರು ಭಾವ, ನನ್ನ ಮುಖ ನೋಡದೆ. ಸುಳ್ಳೆಂದು ಗೊತ್ತಿತ್ತು, ಆದರೆ ಹಿಡಿಯುವುದು ಹೇಗೆ? ಆ ಫ್ಯಾನುಗಳಿಗೆ ನೇರ ವಿದ್ಯುತ್ತು. ನಿಲ್ಲಿಸಬೇಕಾದರೆ ಕಂಪ್ಯೂಟರನ್ನೇ ಆರಿಸಬೇಕು. ಆರಿಸಿದರೆ ರೆಕಾರ್ಡಿಂಗೂ ನಿಲ್ಲುತ್ತದೆ.

ನನ್ನ ಅನುಮಾನವೆಲ್ಲ ಭಾವನ ಮೂಗಿನ ಮೇಲೆ. ಆ ಮೂಗನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅವರು ಮಲಗಿದರೆ ಎದುರು ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ತನ್ನ ಮೂಗಿನ ಸೀಟಿಯನ್ನು ನನ್ನ ತಲೆಗೆ ಕಟ್ಟಿದ ಮನುಷ್ಯನನ್ನು ನಾಲ್ಕು ಜನರ ಮುಂದೆ ನಿಲ್ಲಿಸದೆ ಬಿಡುವುದಿಲ್ಲ ಎಂದು ಹಲ್ಲು ಕಡಿದುಕೊಂಡು ಕಾದೆ.

ಅವಕಾಶ ಅಕ್ಕನ ಬಾಯಿಂದಲೇ ಬಂತು. "ಪುಟ್ಟಿ, ಕಂಪನಿಯವ್ರು ಮನೆಗೇ ಬಂದು ರೆಕಾರ್ಡಿಂಗ್ ಕೇಳ್ತಾರಂತೆ ಕಣೇ. ಸದ್ದು ಹೋಗ್ದಿದ್ರೆ ಇನ್ಮೇಲೆ ಪುಸ್ತಕ ಕೊಡಲ್ವಂತೆ. ಫ್ಯಾನ್ ಬದಲಾಯ್ಸಿ ಕೊಡ್ತೀಯಾ?"

"ನಿನ್ನ ಗಂಡಂಗೆ ಬೇರೆ ಯಾರೂ ಸಿಗ್ಲಿಲ್ವಾ?"

"ಅವ್ರಲ್ಲ ಕೇಳ್ತಿರೋದು, ನಾನು."

ಅಕ್ಕ ಕೇಳಿದರೆ ಇಲ್ಲವೆನ್ನುವ ಅಭ್ಯಾಸ ನನಗಿಲ್ಲ. ಒಪ್ಪಿಕೊಂಡೆ. ಫೋನು ಇಟ್ಟ ಮೇಲೆ ಒಬ್ಬಳೇ ನಕ್ಕೆ.

ಸಗಟು ಅಂಗಡಿಯಲ್ಲಿ ಅಂದು ನಾನು ಆರಿಸಿದ ಹಾಗೆ ಜನ ಮದುವೆಗೆ ಗಂಡನ್ನೂ ಆರಿಸುವುದಿಲ್ಲ. ಬಣ್ಣದ ದೀಪ ಮಿನುಗುವ ಫ್ಯಾನುಗಳನ್ನು ಮೊದಲೇ ಪಕ್ಕಕ್ಕೆ ತಳ್ಳಿದೆ. ಚಿಕ್ಕವೂ ಬೇಡ, ಚಿಕ್ಕ ಫ್ಯಾನು ಹೆಚ್ಚು ಗಾಳಿ ತಳ್ಳಬೇಕಾದರೆ ಜೋರಾಗಿ ತಿರುಗಿ ಕಿರುಚಲೇಬೇಕು. ಅಗಲ ರೆಕ್ಕೆಯವನ್ನು ತೆಗೆದುಕೊಂಡು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಿರುಗಿಸಿದೆ. ಟಿಕ್ ಎಂದದ್ದು ವಾಪಸ್. ನಡುಕ ಡಬ್ಬಕ್ಕೆ ಹತ್ತದಿರಲಿ ಎಂದು ಸ್ಕ್ರೂ ಬದಲು ರಬ್ಬರ್ ಪಿನ್ನು ಕೇಳಿದೆ. ತಣ್ಣಗಿರುವಾಗ ಒಳಗಿನ ಫ್ಯಾನೇ ತಿರುಗದ ಪವರ್ ಸಪ್ಲೈಯನ್ನೂ ತೆಗೆದಿಟ್ಟೆ.

ಆಮೇಲೆ ಫ್ಯಾನುಗಳ ವೇಗ ಹಿಡಿತದಲ್ಲಿಡುವ ಕಂಟ್ರೋಲರ್. ಬಿಸಿ ನೋಡಿಕೊಂಡು ತಾನಾಗಿ ವೇಗ ಏರಿಸಿ ಇಳಿಸುವಂಥದ್ದನ್ನು ಅಂಗಡಿಯವರು ಮುಂದಿಟ್ಟರು. ಒಂದೇ ಸಮ ಇರುವ ಸದ್ದನ್ನು ಕಿವಿ ಮರೆಯುತ್ತದೆ, ಏರಿಳಿಯುವುದನ್ನು ಮರೆಯುವುದಿಲ್ಲ. ಹಾಗಾಗಿ ಫ್ಯಾನಿಗೊಂದರಂತೆ ಕೈಯಲ್ಲಿ ತಿರುಗಿಸುವ ನಾಬ್ ಇರುವುದೇ ಬೇಕೆಂದೆ. ಅದರಲ್ಲೂ ಹೆಚ್ಚಿನವು ಒಂದು ಮಟ್ಟದಿಂದ ಕೆಳಗೆ ಇಳಿಯುವುದಿಲ್ಲ. ನನಗೆ ಬೇಕಾದದ್ದು ಪೂರ್ತಿ ಸೊನ್ನೆಗೆ ಇಳಿಯುವುದು.

"ಫ್ಯಾನ್ ಪೂರ್ತಿ ನಿಲ್ಲೋದು ಯಾಕಮ್ಮ? ಮರೆತ್ರೆ ಒಳಗೆಲ್ಲ ಬೆಂದು ಹೋಗುತ್ತೆ."

"ಬೇಯಬೇಕಾದೋರು ಬೇರೆ ಇದ್ದಾರೆ. ನೀವು ಕೊಡಿ" ಎಂದೆ.

ಜೋಡಿಸುವಾಗ ಭಾವ ಹಿಂದೆಯೇ ನಿಂತಿದ್ದರು. ಅಕ್ಕ ಮೂಲೆಯಲ್ಲಿ ಓದಬೇಕಾದ ಹಾಳೆಗಳನ್ನು ಸರಿಮಾಡಿಕೊಳ್ಳುತ್ತಿದ್ದಳು. ಭಾವ ಓದುವಾಗ ಅವರ ಮೊಣಕಾಲ ಬಳಿ ಗಿಡ್ಡ ಸ್ಟೂಲಿನ ಮೇಲೆ ಕೂತು, ಮುಗಿದ ಹಾಳೆಯನ್ನು ಸದ್ದಾಗದಂತೆ ಎತ್ತಿ ಬದಿಗಿಡುವುದು ಅವಳ ಕೆಲಸ. ಪರದೆಯ ಮೇಲೆ ಓದಲು ಭಾವನಿಗೆ ಬಾರದು. ಈ ಹಾಳೆ ಎತ್ತುವ ಕೆಲಸದ ಬಗ್ಗೆ ಅಕ್ಕನಿಗೆ ಇದ್ದ ಹೆಮ್ಮೆ ಭಾವನಿಗೆ ತನ್ನ ಗಂಟಲಿನ ಬಗ್ಗೆಯೂ ಇರಲಿಲ್ಲ.

"ಈ ನಾಬುಗಳೆಲ್ಲ ಏನಕ್ಕೆ?" ಎಂದರು ಭಾವ.

"ಎಲ್ಲಾ ಫ್ಯಾನನ್ನೂ ನಿಲ್ಲಿಸೋಕೆ. ರೆಕಾರ್ಡಿಂಗ್ ನಡೀತಿರುವಾಗ್ಲೇ."

ಅವರ ಮುಖ ಬಿಳಿಚಿತು. "ಬೇಡ ಬಿಡು. ಸ್ವಲ್ಪ ಸದ್ದಿದ್ರೆ ಏನೂ ಆಗಲ್ಲ."

ಸಿಕ್ಕಿಬಿದ್ದರು ಎಂದುಕೊಂಡೆ. ಸ್ಕ್ರೂಡ್ರೈವರ್ ಹಿಡಿದ ಕೈಗೆ ಎಂಥದೋ ಹುಮ್ಮಸ್ಸು ಬಂತು.

ಕಂಪನಿಯಿಂದ ಬಂದ ಪರೀಕ್ಷಕಿ ಮಿತಭಾಷಿ ಹೆಂಗಸು. ಬಾಗಿಲಿನ ಗಾಜಿನಾಚೆ ಉದ್ದ ತಂತಿಯ ಹೆಡ್‌ಫೋನ್ ಹಾಕಿಕೊಂಡು ಕುಳಿತು, ಸದ್ದು ಕೇಳಿದರೆ ಕೈ ಎತ್ತುತ್ತೇನೆ ಎಂದರು. ಒಳಗೆ ಭಾವ, ಅಕ್ಕ, ದೂರದ ಮೂಲೆಯಲ್ಲಿ ಯಂತ್ರದ ಪಕ್ಕ ನಾನು. ಫ್ಯಾನುಗಳು ಇವೆಯೋ ಇಲ್ಲವೋ ಎಂಬಂತೆ ತಿರುಗುತ್ತಿದ್ದವು. ಭಾವ ಓದಿದರು. ಒಂದು ವಾಕ್ಯ ಮುಗಿಸಿ ನಿಂತಾಗ ಗಾಜಿನಾಚೆ ಕೈ ಮೇಲೆದ್ದಿತು.

ನಾನು ಕಾದದ್ದು ಇದಕ್ಕೇ. ಎಲ್ಲರಿಗೂ ಕಾಣುವಂತೆ ಒಂದೊಂದೇ ನಾಬನ್ನು ಸೊನ್ನೆಗೆ ತಿರುಗಿಸಿದೆ. ರೆಕ್ಕೆಗಳು ನಿಧಾನವಾಗಿ ನಿಂತವು. ಕೈ ಇಳಿಯಲಿಲ್ಲ. ಪರೀಕ್ಷಕಿ ಬಾಗಿಲು ತೆರೆದು, "ಇದು ಫ್ಯಾನ್ ಅಲ್ಲ" ಎಂದರು.

ಎಂಥ ಸಂತೋಷ ನನಗೆ! ಅವರ ಹೆಡ್‌ಫೋನನ್ನು ಕೇಳಿ ಪಡೆದು ಕಿವಿಗೆ ಹಾಕಿಕೊಂಡೆ; ಆ ಮೂಗಿನ ಸೀಟಿಯನ್ನು ನಾನೇ ಕೇಳಬೇಕಿತ್ತು. ಸುಂಯ್. ಬಿಟ್ಟು ಬಿಟ್ಟು, ಮತ್ತೆ ಸುಂಯ್. "ಭಾವ, ಈಗ ಸ್ವಲ್ಪ ಉಸಿರು ಹಿಡ್ಕೊಳ್ಳಿ ನೋಡೋಣ."

ಭಾವ ಬೇಡವೆಂದು ತಲೆಯಾಡಿಸಿದರು. ನಾನು ಬಿಡಲಿಲ್ಲ. ಕೊನೆಗೆ ಬಾಯಿ ಮುಚ್ಚಿ, ಬೆರಳುಗಳಿಂದ ಮೂಗನ್ನೂ ಹಿಡಿದುಕೊಂಡರು. ಸದ್ದು ಬರುತ್ತಲೇ ಇತ್ತು.

ಆಮೇಲೆ ಥಟ್ಟನೆ ನಿಂತಿತು. ತಿರುಗಿ ನೋಡಿದೆ. ಸ್ಟೂಲಿನ ಮೇಲೆ ಅಕ್ಕ, ಕೈಯಲ್ಲಿ ಹಾಳೆ, ತುಟಿ ಬಿಗಿದುಕೊಂಡು ಉಸಿರು ತಡೆದಿದ್ದಳು. ಅವಳಿಗೂ ಆಗಲೇ ಗೊತ್ತಾದದ್ದು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ತಡೆಯಲಾರದೆ ಕೆಮ್ಮಿದಳು. ಆ ಕೆಮ್ಮು ನನ್ನ ಎರಡು ಕಿವಿಯೊಳಗೂ ಒಡೆಯಿತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಮಷೀನು ಚೆನ್ನಾಗಿದೆ" ಎಂದರು ಪರೀಕ್ಷಕಿ, ಮೆತ್ತಗೆ. "ಆದ್ರೆ ಇನ್ಮೇಲೆ ಅವ್ರು ಒಳಗೆ ಕೂರೋದು ಬೇಡ." ನನ್ನ ಕಡೆ ತಿರುಗಿ, "ನಿಮ್ಮ ನಂಬರ್ ಕೊಡಿ. ನಮ್ಮೋರಿಗೆಲ್ಲ ನಾನೇ ಹೇಳ್ತೀನಿ" ಎಂದರು.

ಅಕ್ಕ ಹಾಳೆಯನ್ನು ಭಾವನ ತೊಡೆಯ ಮೇಲಿಟ್ಟು, ಯಾರನ್ನೂ ನೋಡದೆ ಹೊರಗೆ ಹೋದಳು. ಭಾವ ದನಿ ಏರಿಸಲಿಲ್ಲ.

"ಹೋದ್ಸಲ ಜ್ವರ ಬಂದ್ಮೇಲೆ ಅವಳ ಎದೆ ಹೀಗೆ ಆಗಿದೆ. ಔಷಧಿ ನಡೀತಿದೆ. ಸದ್ದು ಅವಳ್ದು ಅಂತ ಗೊತ್ತಾದ್ರೆ ಆವತ್ತೇ ಎದ್ದು ಹೋಗ್ತಿದ್ಲು. ಬೈಸ್ಕೊಳ್ಳೋಕೆ ಯಾರಾದ್ರೂ ಬೇಕಿತ್ತು. ನೀನು ಜಗಳಗಂಟಿ, ತಡ್ಕೋತೀಯ ಅಂದ್ಕೊಂಡೆ."

"ನನ್ನ ಹತ್ರ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?" ಎಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವರ ಮೇಲೂ, ಆ ನಾಬುಗಳ ಮೇಲೂ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಉರಿಯುತ್ತಿತ್ತು. ಭಾವ ಹಾಳೆಗಳನ್ನು ಮುಂದಕ್ಕೆಳೆದುಕೊಂಡರು. ಯಂತ್ರ ಬಿಸಿಯಾಗಿತ್ತು, ನಾಬುಗಳನ್ನು ಮೇಲಕ್ಕೆ ತಿರುಗಿಸಿದೆ.

ಪರೀಕ್ಷಕಿ ಹೆಡ್‌ಫೋನು ವಾಪಸ್ ಪಡೆದು ಗಾಜಿನಾಚೆ ಕೂತರು, ಭಾವ ತಾವೇ ಹಾಳೆ ಎತ್ತಿಕೊಂಡು ಓದತೊಡಗಿದರು. ಹಾಳೆ ಬದಲಿಸುವಾಗ ಸರಕ್ಕೆಂದಿತು, ಗಾಜಿನಾಚೆ ಕೈ ಎದ್ದಿತು. ಮತ್ತೆ ಓದಿದರು, ಮತ್ತೆ ಸರಕ್. ಆಗ ಬಾಗಿಲು ಸ್ವಲ್ಪ ತೆರೆಯಿತು. ಅಕ್ಕ ಕಣ್ಣು ಒರೆಸಿಕೊಂಡಿದ್ದಳು.

"ಪುಟ್ಟಿ, ನೀನು ಕೂತ್ಕೋ. ಹಾಳೆ ಮಧ್ಯ ಹಿಡೀಬೇಡ, ಮೂಲೆ ಹಿಡಿ. ಅವ್ರು ಕೊನೇ ಸಾಲಿಗೆ ಬರೋಷ್ಟರಲ್ಲಿ ಎತ್ತಿರ್ಬೇಕು."

ಅವಳ ಸ್ಟೂಲಿನ ಮೇಲೆ ಕೂತೆ. ಭಾವ ಓದಿದರು, ನಾನು ಮೂಲೆ ಹಿಡಿದು ಎತ್ತಿದೆ, ಆದರೂ ಹಾಳೆ ಸದ್ದು ಮಾಡಿತು. ಗಾಜಿನಾಚೆ ಪರೀಕ್ಷಕಿಯ ಕೈ ಎದ್ದಿತ್ತು. ಅವರ ಪಕ್ಕದಲ್ಲಿ ನಿಂತ ಅಕ್ಕ ತನ್ನ ಖಾಲಿ ಕೈಯನ್ನು ಗಾಳಿಯಲ್ಲಿ ಎತ್ತಿ ಎತ್ತಿ, ಹೀಗೆ, ಹೀಗೆ ಎಂದು ನನಗೆ ತೋರಿಸಿಕೊಡುತ್ತಿದ್ದಳು.