ನೀರ ಮೇಲಿನ ಒಲೆಗೆ ಕಾವಲಿದ್ದ ಕಂಬಳಿ

ಅಂದು ಬೆಳಿಗ್ಗೆ ಮೋಡ ಮುಸುಕಿತ್ತು. ರಾಣೆಬೆನ್ನೂರು ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿ, ಅಂಗಳದುದ್ದಕ್ಕೂ ಎಳೆದು ಕಟ್ಟಿದ್ದ ಕರಿ ನೂಲಿನ ಮೇಲೆ ಹುಣಸೆಬೀಜದ ಗಂಜಿ ಇನ್ನೂ ಹಸಿಯಾಗಿಯೇ ಇತ್ತು. ಬಿಸಿಲು ಬಾರದಿದ್ದರೆ ನೂಲು ಮುಗ್ಗಲು ಹಿಡಿಯುತ್ತದೆ. ನೇಕಾರ ಮಾಳಪ್ಪನ ಹೆಂಡತಿ ಹಾಲಮ್ಮ ಮೂಡಲಿಗೆ ತಿರುಗಿ, "ಬೀರಪ್ಪಾ, ಎರಡ ತಾಸು ಬಿಸಲ ಕೊಡಪಾ. ಆಮ್ಯಾಲೆ ನಿನ್ನ ಮಳಿ ನೀ ಎಷ್ಟರ ಸುರಸು" ಎಂದು ಕೈಮುಗಿದಳು. ದೇವರು ಮನಸ್ಸು ಮಾಡಿದ. ಎರಡು ತಾಸು ಬಿಸಿಲು ಬಿತ್ತು. ಆ ಬಿಸಿಲಲ್ಲಿ ಒಣಗಿದ ನೂಲೇ ನಾನು.

ನಾನೊಂದು ಕರಿಕಂಬಳಿ. ಮಾಳಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ನನ್ನನ್ನು ನೇಯ್ದ. ಮಗ್ಗದಿಂದ ಇಳಿಸಿದ ದಿನ ಮಡಚಿ ಎರಡೂ ಕಣ್ಣಿಗೆ ಒತ್ತಿಕೊಂಡ. ನಾನು ನುಣುಪಲ್ಲ, ಚೆಲುವಲ್ಲ. ಮೈಗೆ ಚುಚ್ಚುತ್ತೇನೆ, ಕುರಿವಾಸನೆ ಬೀರುತ್ತೇನೆ. ಹೆಗಲ ಮೇಲೆ ಹೊರೆ ಹೊತ್ತು ಘಟ್ಟ ಇಳಿದ ಒಬ್ಬ ಮಾರಾಟಗಾರ ನನ್ನನ್ನು ಕಡಲ ಸೀಮೆಗೆ ತಂದ. ಸುವರ್ಣಾ, ಸೀತಾ ನದಿಗಳು ಸಮುದ್ರ ಸೇರುವಲ್ಲಿ, ನಡುಗಡ್ಡೆಗಳ ನಡುವಿನ ಕಾಲುವೆಗಳಲ್ಲಿ ಹೆಂಚು ಸಾಗಿಸುವ ದೋಣಿ ನಡೆಸುತ್ತಿದ್ದ ಕೊಗ್ಗ ಮರಕಾಲರ ಕೈಗೆ ಸೇರಿದೆ.

ದೋಣಿಯೇ ಅವರಿಗೆ ಮನೆ. ಮಳೆ ಬಂದರೆ ನನ್ನನ್ನು ಕೊಪ್ಪೆ ಮಾಡಿ ತಲೆಗೆ ಹಾಕುತ್ತಿದ್ದರು. ಮುಂಜಾನೆ ಸೂರ್ಯನಿಗೆ ಕೈಮುಗಿಯುವಾಗ ನನ್ನ ಮೇಲೆ ಕೂರುತ್ತಿದ್ದರು. ಮರಳು ತುಂಬಿದ ಹಲಗೆಪೆಟ್ಟಿಗೆಯ ಮೇಲೆ ಮೂರು ಕಲ್ಲಿಟ್ಟು ಗಂಜಿ ಬೇಯಿಸುತ್ತಿದ್ದರು. ಒಂದು ಮಧ್ಯಾಹ್ನ ಗಾಳಿಗೆ ಕಿಡಿ ಹಾರಿ ತೆಂಗಿನ ನಾರಿನ ರಾಶಿಗೆ ಬಿತ್ತು. ಕೈಗೆ ಸಿಕ್ಕಿದ್ದು ನಾನು; ಎತ್ತಿ ಉರಿಯ ಮೇಲೆ ಎಸೆದರು. ಬೆಂಕಿ ನನ್ನಡಿಯಲ್ಲೇ ನಂದಿತು. ನನ್ನ ಗುಣ ನನಗೇ ತಿಳಿದದ್ದು ಆಗ. ಹತ್ತಿಬಟ್ಟೆಯ ಹಾಗೆ ನಾನು ಭುಗ್ಗನೆ ಉರಿಯುವವಳಲ್ಲ. ಉಣ್ಣೆ ಕಮಟುತ್ತದೆ, ಕರಕಲಾಗುತ್ತದೆ, ಆದರೆ ಬೆಂಕಿಗೆ ಉಸಿರು ಕೊಡುವುದಿಲ್ಲ.

ಸೇತುವೆಗಳು ಬಂದವು, ಹೆಂಚು ಲಾರಿ ಏರಿತು. ದೋಣಿ ದಡ ಹತ್ತಿತು. ಮರಕಾಲರು ತೀರಿಕೊಂಡ ಮೇಲೆ ಮಗಳು ಜಲಜಕ್ಕ ನನ್ನನ್ನು ಒಗೆದು, ಒಣಗಿಸಿ, ತನ್ನ ಜೊತೆ ಕೆಲಸಕ್ಕೆ ಕರೆದೊಯ್ದಳು. ಅವಳಿಗೆ ಲೋಕು ಮೆಂಡನ್ ಎಂಬವನ ಹೌಸ್‌ಬೋಟಿನಲ್ಲಿ ಅಡುಗೆಯ ಕೆಲಸ. ಪ್ರವಾಸಿಗರನ್ನು ಕೂರಿಸಿಕೊಂಡು ಹಗಲಿಡೀ ಕಾಲುವೆ ಸುತ್ತುವ ಬೋಟು. ಮಾಡು ಪೂರ ಬಿದಿರು ಮತ್ತು ತೆಂಗಿನ ಒಣ ಮಡಲು. ಒಲೆಯಿಂದ ಮಾಡಿಗೆ ಮೂರು ಮೊಳ.

ಒಲೆಯಿಂದ ಎರಡು ಹೆಜ್ಜೆ ಈಚೆ, ಬಾಗಿಲ ಪಕ್ಕದ ಮೊಳೆಗೆ ಜಲಜಕ್ಕ ನನ್ನನ್ನು ನೇತುಹಾಕಿದಳು. ದಿನವೂ ಬಿಸಿಲಿಗೆ ಹಾಕುತ್ತಿದ್ದಳು. ಹೊಳೆಯ ತೇವ ನನಗೆ ಅಂಟಬಾರದು. ಬೆಳಿಗ್ಗೆ ದೇವರ ದೀಪ ಹಚ್ಚುವುದಕ್ಕೂ ಮೊದಲು ತಳದ ಹಲಗೆ ಎತ್ತಿ, ಮಂಡಿಯೂರಿ, ಒಳಗೆ ಮೂಗಿಟ್ಟು ನೋಡುತ್ತಿದ್ದಳು.

"ಎಂತ ಜಲಜಕ್ಕ, ಬೋಟಿಗೆ ನಮಸ್ಕಾರವಾ?" ಎಂದು ಲೋಕು ನಗುತ್ತಿದ್ದ.

"ಗ್ಯಾಸು ಸೋರಿದ್ರೆ ಕೆಳಗೆ ಇಳಿತದೆ ಮಾರಾಯ. ಮನೆಯಲ್ಲಾದ್ರೆ ಬಾಗಿಲಲ್ಲಿ ಹೊರಗೆ ಹೋದೀತು. ದೋಣಿಗೆ ಕೆಳಗೆ ಬಾಗಿಲುಂಟಾ?"

"ಸುತ್ತ ಹೊಳೆ ಉಂಟಲ್ಲ. ಒಂದು ಬಾಲ್ದಿ ಮುಳುಗಿಸಿದ್ರೆ ಎಂಥ ಬೆಂಕಿಯೂ ತಣ್ಣಗೆ."

"ಎಣ್ಣೆ ಬೆಂಕಿಗೆ ನಿನ್ನ ಹೊಳೆ ಆಗುದಿಲ್ಲ. ಹಾರಿ ಮುಖಕ್ಕೇ ಬರ್ತದೆ."

ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನೀರಲ್ಲೇ ಹುಟ್ಟಿ ಬೆಳೆದ ಜನ. ಗಾಯಕ್ಕೂ ನೀರು, ಜ್ವರಕ್ಕೂ ನೀರು, ಸಿಟ್ಟಿಗೂ ನೀರು. ಸರಕಾರದ ನಿಯಮದಂತೆ ತಂದ ಕೆಂಪು ಅಗ್ನಿಶಾಮಕವನ್ನು ಅವನು ಬೋಟಿನ ಮೂತಿಯಲ್ಲಿ, ಎಲ್ಲರಿಗೂ ಕಾಣುವಂತೆ ಕಟ್ಟಿದ್ದ. ಅಡುಗೆಮನೆ ಇದ್ದದ್ದು ಹಿಂದೆ.

ಒಂದು ದಿನ ಪ್ರವಾಸಿಗನೊಬ್ಬ ಮೂಗು ಮುಚ್ಚಿಕೊಂಡು, "ಈ ಕುರಿ ಯಾಕ್ರೀ ಇಲ್ಲಿ ನೇತಾಡ್ತಿದೆ?" ಎಂದ. ಎಲ್ಲರೂ ನಕ್ಕರು. ಲೋಕುವಿನ ಮುಖ ಸಣ್ಣದಾಯಿತು. ಸಂಜೆ ಅವನು ಕಾಲ ಹೆಬ್ಬೆರಳನ್ನೇ ನೋಡುತ್ತ ಹೇಳಿದ: "ಜಲಜಕ್ಕ, ಬರುವ ತಿಂಗಳಿಂದ ಊಟ ಹೋಟೆಲಿಂದ ತರಿಸುವ ಅಂತ. ಬೋಟಲ್ಲಿ ಒಲೆ ಬೇಡ."

ಒಲೆ ಬೇಡವೆಂದರೆ ಜಲಜಕ್ಕನೂ ಬೇಡ. ಅವಳು ನನ್ನನ್ನು ಕೊಡವಿ, ಅದೇ ಮೊಳೆಗೆ ಹಾಕಿದಳು. ಅವಳ ಬೆರಳು ನನ್ನ ಅಂಚಿನ ಮೇಲೆ ತುಸು ಹೊತ್ತು ನಿಂತಿತು. ಅಪ್ಪನಂತೆಯೇ ಅವಳೂ ಹುಟ್ಟಿದ್ದು ದೋಣಿಯಲ್ಲಿ. ದಡದಲ್ಲಿ ಅವಳಿಗೆ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ.

ಆ ತಿಂಗಳ ಕೊನೆಯ ಭಾನುವಾರ. ಹನ್ನೊಂದು ಮಂದಿ ಪ್ರವಾಸಿಗರು, ಅವರಲ್ಲಿ ಕಾಲಿಗೆ ಬ್ಯಾಂಡೇಜು ಸುತ್ತಿದ್ದ ಒಬ್ಬ ಅಜ್ಜಿ. ನಾಲ್ಕು ಗಂಟೆಗೆ ಬೋಟನ್ನು ನಡುಗಡ್ಡೆಯೊಂದಕ್ಕೆ ಕಟ್ಟಿ, ಜಲಜಕ್ಕ ಬಾವಿಯ ಸಿಹಿನೀರು ತರಲು ಇಳಿದಳು. "ನಾನು ಬರುವವರೆಗೆ ಒಲೆ ಮುಟ್ಬೇಡ" ಎಂದು ಹೇಳಿಯೇ ಹೋದಳು. ಮುಂದೆ ಕೂತ ಪ್ರವಾಸಿಗರಿಂದ ಗೋಳಿಬಜೆಗೆ ಕೂಗು ಬಂತು. ಲೋಕು ಬಾಣಲೆಗೆ ಎಣ್ಣೆ ಸುರಿದು, ಉರಿ ಪೂರ್ತಿ ಏರಿಸಿದ. ಅಷ್ಟರಲ್ಲಿ ಯಾರೋ ಫೋಟೊ ತೆಗೆಯಲು ಕರೆದರು. ಹೋದ.

ನಾನು ಮೊಳೆಯಿಂದ ನೋಡುತ್ತಿದ್ದೆ. ಎಣ್ಣೆಯ ಮೇಲೆ ಮೊದಲು ತೆಳ್ಳಗೆ ಹೊಗೆ, ಆಮೇಲೆ ನೀಲಿ ಹೊಗೆ. ಕೂಗಲು ನನಗೆ ಬಾಯಿಲ್ಲ. ಒಮ್ಮೆಗೇ ಬಾಣಲೆ ಹೊತ್ತಿಕೊಂಡಿತು. ಜ್ವಾಲೆಯ ತುದಿ ಮಡಲಿನ ಕಡೆಗೆ ನಾಲಗೆ ಚಾಚತೊಡಗಿತು.

ಲೋಕು ಓಡಿ ಬಂದ. ಬಂದವನ ಕೈ ಹೋದದ್ದು ಬಾಲ್ದಿಗೆ. ಹೊಳೆಗೆ ಮುಳುಗಿಸಿ, ತುಂಬಿ, ಹೆಗಲೆತ್ತರಕ್ಕೆ ಎತ್ತಿದ. ಆ ಕ್ಷಣಕ್ಕೆ ಹಲಗೆ ದಾಟಿ ಬಂದ ಜಲಜಕ್ಕ, "ಲೋಕೂ, ನೀರು ಬೇಡ!" ಎಂದು ಕಿರುಚಿ, ಸೊಂಟದ ಕೊಡವನ್ನು ಅಲ್ಲೇ ಕೆಡವಿ, ಬಾಲ್ದಿಯನ್ನು ಎರಡೂ ಕೈಯಿಂದ ಆಚೆಗೆ ನೂಕಿದಳು. ನೀರೆಲ್ಲ ಅವನ ಮೈಮೇಲೇ ಬಿತ್ತು.

"ಹಿಂದೆ ಹೋಗಿ ಸಿಲಿಂಡರಿನ ಗ್ಯಾಸು ಬಂದ್ ಮಾಡು!"

ನನ್ನನ್ನು ಎಳೆದುಕೊಂಡಳು. ಬೆರಳುಗಳನ್ನು ನನ್ನ ಅಂಚಿನೊಳಗೆ ಮಡಚಿ ಅಡಗಿಸಿ, ನನ್ನನ್ನು ಮುಖದ ಮುಂದೆ ಪರದೆಯಂತೆ ಹಿಡಿದು ನಡೆದಳು. ಎಸೆಯಲಿಲ್ಲ. ಮಲಗಿದ ಮಗುವಿಗೆ ಹೊದಿಸುವಂತೆ, ಬಾಣಲೆಯ ಮೇಲೆ ತನ್ನ ಕಡೆಯ ಅಂಚಿನಿಂದ ಆಚೆಗೆ ಮೆಲ್ಲನೆ ಹಾಸಿದಳು.

ಆ ಕತ್ತಲೆಯನ್ನು ಹೇಗೆ ಹೇಳಲಿ? ಕೆಳಗೆ ಬೆಂಕಿ ಬಡಿದುಕೊಳ್ಳುತ್ತಿತ್ತು, ಉಸಿರು ಹುಡುಕುತ್ತಿತ್ತು. ನನ್ನ ನಡುಮೈ ಕಮಟಿತು. ಬೀರಪ್ಪಾ, ಇಷ್ಟೊತ್ತು ತಡೆದೆ, ಇನ್ನಿಷ್ಟು ತಡೆಯಲು ಬಿಡು ಎಂದು ಬೇಡಿದೆ. ಬಡಿತ ಸಣ್ಣದಾಯಿತು. ನಿಂತಿತು.

ಗ್ಯಾಸು ಬಂದ್ ಮಾಡಿ ಬಂದ ಲೋಕು ನನ್ನ ಅಂಚಿಗೆ ಕೈಹಾಕಿದ, ಇಣುಕಿ ನೋಡಲು. ಜಲಜಕ್ಕ ಆ ಕೈಗೆ ಪಟ್ಟೆಂದು ಹೊಡೆದಳು.

"ಒಳಗೆ ಎಣ್ಣೆ ಇನ್ನೂ ಕಾದೇ ಉಂಟು. ಗಾಳಿ ತಾಗಿದ್ರೆ ಮತ್ತೆ ಏಳ್ತದೆ. ಕೂತ್ಕೋ ಸುಮ್ಮನೆ."

ಅವನು ಕೂತ, ಒದ್ದೆ ಅಂಗಿಯಲ್ಲೇ. ಮುಂದಿನಿಂದ ಆ ಅಜ್ಜಿಯ ದನಿ ಬಂತು: "ಬಜ್ಜಿ ಆಯ್ತೇನಮ್ಮಾ?"

"ಇವತ್ತು ಬಜೆ ಇಲ್ಲ ಅಜ್ಜಿ, ಅವಲಕ್ಕಿ ಕೊಡ್ತೇನೆ" ಎಂದಳು ಜಲಜಕ್ಕ.

ಪ್ರವಾಸಿಗರ ಫೋನಿಗೆ ಸಿಕ್ಕಿದ್ದು ಇಷ್ಟೇ: ಹಿಂದಿನಿಂದ ಹೊಗೆ, ಬಾಲ್ದಿ ಎತ್ತಿ ನಿಂತ ಲೋಕು. ಅದೇ ಊರೆಲ್ಲ ಹರಿದಾಡಿತು. ವಾರದೊಳಗೆ ಬೋಟು ಮಾಲಕರ ಸಂಘದವರು ಬೋಟು ಕಟ್ಟುವ ದಕ್ಕೆಯಲ್ಲೇ ಸಭೆ ಮಾಡಿದರು. ಬಿಸಿಲಿಗೆ ಹರಡಿಕೊಂಡಿದ್ದ ನನಗೆ ಮೈಕಿನ ಮಾತು ಚೆನ್ನಾಗಿ ಕೇಳಿಸಿತು: "ಒಂದೇ ಬಾಲ್ದಿ ನೀರಲ್ಲಿ ಹನ್ನೊಂದು ಜೀವ ಉಳಿಸಿದ ನಮ್ಮ ಲೋಕು!" ಚಪ್ಪಾಳೆ. ಕೆಂಪು ಶಾಲು, ಹಾರ, ಹಣ್ಣಿನ ಬುಟ್ಟಿ. ಲೋಕು ತಲೆ ತಗ್ಗಿಸಿ ತೆಗೆದುಕೊಂಡ.

ಬೋಟಿನಲ್ಲಿ ನನ್ನ ಪಕ್ಕ ಕೂತು ಜಲಜಕ್ಕ ಮೀನು ಹೆಚ್ಚುತ್ತಿದ್ದಳು. "ಶಾಲು ಹೋಗ್ಲಿ," ಎಂದು ನನಗೇ ಎಂಬಂತೆ ಹೇಳಿದಳು. "ಇದನ್ನು ಕೇಳಿ ನಾಳೆ ಯಾರಾದ್ರೂ ಎಣ್ಣೆಗೆ ನೀರು ಹಾಕಿದ್ರೆ ಏನು ಗತಿ, ದೇವ್ರೇ?"

ಆ ಮಾತು ಲೋಕುವಿನ ಕಿವಿಗೂ ಬಿತ್ತು. ಅವನು ಆಗ ತಾನೇ ಹಲಗೆ ಹತ್ತಿದ್ದ. ನಿಂತ. ಹಾಗೇ ತಿರುಗಿ ಹೋದ. ಮರುದಿನ ಬೆಳಗಿನಿಂದ ಕಾಲುವೆಯ ಒಂದೊಂದೇ ಬೋಟಿಗೆ ಹೋಗಿ ಹೇಳಿದನಂತೆ: "ನೀರು ಹಾಕಿದ್ದಲ್ಲ. ನಾನು ಹಾಕ್ಲಿಕ್ಕೆ ಹೋದವ. ಹಾಕಿದ್ರೆ ಇವತ್ತು ಯಾರೂ ಇರ್ತಿರ್ಲಿಲ್ಲ. ಜಲಜಕ್ಕನ ಹತ್ರ ಬಂದು ಕಲಿರಿ."

ಬಂದರು. ದಕ್ಕೆಯ ತುಂಬ ಬೋಟಿನವರು, ಅಡುಗೆಯವರು. ಖಾಲಿ ಬಾಣಲೆ ಮುಂದಿಟ್ಟುಕೊಂಡು, ನನ್ನನ್ನು ಕೈಯಲ್ಲಿ ಹಿಡಿದು ಜಲಜಕ್ಕ ತೋರಿಸಿಕೊಟ್ಟಳು.

"ಕೈ ಒಳಗೆ ಮಡಚಿ. ಹಾಂ, ಹಾಗೆ. ಎಸಿಬೇಡ ಮಾರಾಯ, ಅದೇನು ಬೀಸುಬಲೆಯಾ?"

ದಕ್ಕೆ ಇಡೀ ನಕ್ಕಿತು. ನನ್ನ ನಡುವೆ ಅಂಗೈಯಗಲದ ತೂತು ಬಿದ್ದಿತ್ತು. ಎಲ್ಲರೂ ಅದನ್ನು ಮುಟ್ಟಿ ನೋಡಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಮಳೆಗಾಲ ಮುಗಿಯುವಷ್ಟರಲ್ಲಿ ಈ ಕಾಲುವೆಯ ಹದಿನೇಳು ಬೋಟುಗಳಲ್ಲೂ ಒಲೆಯಿಂದ ಎರಡು ಹೆಜ್ಜೆ ಈಚೆಗೆ ಒಂದೊಂದು ಕಂಬಳಿ ನೇತಾಡುತ್ತಿತ್ತು. ಕೆಂಪು ಅಗ್ನಿಶಾಮಕ ಅಡುಗೆಮನೆಯ ಬಾಗಿಲಿಗೆ ಬಂತು. ಹೋಟೆಲಿನ ಊಟದ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ತೂತು ಬಿದ್ದ ಕಂಬಳಿ ಬೆಂಕಿಗೆ ಆಗಿಬರುವುದಿಲ್ಲ. ಮೊಳೆಗೆ ಹೊಸ ಕಂಬಳಿಯೊಬ್ಬಳು ಬಂದಳು. ನಾನೀಗ ದೇವರ ದೀಪದ ಮೂಲೆಯಲ್ಲಿ ನಾಲ್ಕು ಮಡಿಕೆಯಾಗಿ, ಜಲಜಕ್ಕ ಕೂತು ಕೈಮುಗಿಯುವ ಗದ್ದುಗೆಯಾಗಿದ್ದೇನೆ. ಕುರಿಯ ಮೈಮೇಲೆ ಚಳಿಗೆಂದು ಹುಟ್ಟಿದ ರೋಮ ಉರಿಯನ್ನೂ ತಡೆಯಿತಲ್ಲ! ಕೊಟ್ಟವನ ಲೆಕ್ಕ ನಮಗೆ ತಿಳಿಯುವಂಥದಲ್ಲ. ಮೈ ಸವೆದಿದೆ, ಮನಸ್ಸು ತುಂಬಿದೆ.

ನನ್ನನ್ನು ಮೊಳೆಯಿಂದ ಇಳಿಸಿದ ದಿನ, ಪ್ರವಾಸಿಗರೆಲ್ಲ ಇಳಿದುಹೋದ ಮೇಲೆ, ಲೋಕು ಹಿಂದಕ್ಕೆ ಬಂದ. ಕೈಯಲ್ಲಿ ಕಾಗದದ ಪೊಟ್ಟಣ. ಬಿಚ್ಚಿದ, ಅದೇ ಕೆಂಪು ಶಾಲು, ಮಡಿಕೆ ಕೂಡ ಮುರಿದಿರಲಿಲ್ಲ. ಜಲಜಕ್ಕ ಅಕ್ಕಿ ಆರಿಸುತ್ತಿದ್ದಳು. ಅವನು ಅದನ್ನು ಅವಳ ಹೆಗಲಿಗೆ ಹೊದಿಸಿದ.

ಅವಳು ಶಾಲಿನ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು. "ಇದು ಪಾಲಿಸ್ಟರ್ ಮಾರಾಯ. ಒಲೆ ಹತ್ರ ಹಾಕ್ಲಿಕ್ಕಿಲ್ಲ."

"ಒಲೆ ಹತ್ರ ಬೇಡ ಅಕ್ಕಾ," ಎಂದ ಲೋಕು. "ಇದು ನಿಮ್ಮದು."

ಅವಳು ಅಕ್ಕಿಯ ಮೊರವನ್ನು ಕೆಳಗಿಟ್ಟು, ಶಾಲನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡಳು.