ಇಂಗ್ರಿಡ್ ತಲಿಗೆ ಮದರಂಗಿ

ಧನಂಜಯ ಅವರ ಮ್ಯಾಲಿನ ಸಿಟ್ಟು ನನಗ ಇನ್ನೂ ಇಳದಿಲ್ಲ, ಅದನ್ನ ಮೊದಲ ಹೇಳಿಬಿಡ್ತೀನಿ. ಯಾರರ ಬಂದು ಹೋಗ್ಲಿ ಬಿಡು ಶೀತಲ್, ದೊಡ್ಡ ಮನಸ್ಸು ಮಾಡು ಅಂದ್ರ ಅವರಿಗೂ ನಾಲ್ಕು ಮಾತು ಕೇಳಸ್ತೀನಿ. ಹನ್ನೊಂದು ವರ್ಷ ದೊಡ್ಡ ಮನಸ್ಸು ಮಾಡಿ ಮಾಡಿ ನನಗ ಸಾಕಾಗೇತಿ.

ಇಂಗ್ರಿಡ್ ನನ್ನ ಮಗಳು. ನಾ ಹಡದಾಕಿ ಅಲ್ಲ. ನಾ ಆಕಿ ಅಪ್ಪ ಎರಿಕ್‌ನ ಮದುವಿ ಆದಾಗ ಆಕಿಗೆ ನಾಲ್ಕು ವರ್ಷ, ಹೆತ್ತ ತಾಯಿ ತೀರಿಕೊಂಡು ಎರಡು ವರ್ಷ ಆಗಿತ್ತು. ಬೆಳ್ಳಗ ಸುಣ್ಣದಂಥಾ ಮೈ, ತಲಿ ತುಂಬ ಬಂಗಾರದ ಬಣ್ಣದ ಕೂದಲ. ಆಗ ನಮ್ಮವ್ವ ಗೌರಾದೇವಿ ಗದಗಿನಿಂದ ಬಂದು ಅಮೆರಿಕದ ವುಡಿನ್‌ವಿಲ್‌ನ ನಮ್ಮ ಮನಿಯಾಗ ಆರಾರು ತಿಂಗಳು ಇರತಿದ್ಲು. ಅವ್ವಗ ಇಂಗ್ಲಿಷ್ ಬರೂದಿಲ್ಲ, ಕೂಸಿಗೆ ಕನ್ನಡ ಬರೂದಿಲ್ಲ. ಇಬ್ಬರೊಳಗ ಯಾರು ಸೋಲತಾರ ನೋಡೂಣು ಅಂತ ನಾ ಸುಮ್ಮನ ಇದ್ದೆ. ನಮ್ಮವ್ವ ಸೋಲೂ ಪೈಕಿ ಅಲ್ಲ. ವರ್ಷ ತುಂಬೂದರೊಳಗ ಹುಡುಗಿ ಅಡಗಿಮನಿ ಕಟ್ಟಿ ಮ್ಯಾಲ ಕುಂತು, ಹಸಿವ್ಯಾಗೇತಿ, ಬಿಸಿ ರೊಟ್ಟಿ ಕೊಡು ಅಂತ ಗದಗಿನ ಕನ್ನಡದಾಗ ಜಗಳಾ ತಗೀತಿತ್ತು.

ಇಲ್ಲಿ ನಮ್ಮ ಕನ್ನಡ ಕೂಟದ ಮಕ್ಕಳಿಗೆ ಕನ್ನಡದಾಗ ಕೇಳಿದ್ರ ಇಂಗ್ಲಿಷ್‌ನಾಗ ಉತ್ತರಾ ಕೊಡತಾವು. ಇಂಗ್ರಿಡ್ ಒಬ್ಬಾಕಿ ಕನ್ನಡದಾಗ ಕೊಡತಿದ್ಲು. ಅಲ್ಲೇ ಎಡವಟ್ಟಾತು. ಕೂಟದ ಕಾರ್ಯದರ್ಶಿ ಧನಂಜಯ ಆ ವರ್ಷದ ರಾಜ್ಯೋತ್ಸವಕ್ಕ ಸ್ವಾಗತಕ್ಕಂತ ಆಕಿನ್ನ ಒಂದು ಕುರ್ಚಿ ಮ್ಯಾಲ ನಿಂದ್ರಿಸಿ, ಕೈಯಾಗ ಮೈಕ್ ಕೊಟ್ಟು, 'ನಾನು ಅಮೆರಿಕದವಳು, ಆದರೆ ನನ್ನ ಹೃದಯ ಕನ್ನಡ' ಅನ್ನಸಿದ್ರು. ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರು. ಆಮ್ಯಾಲ ಸಾಲಾಗಿ ಸೆಲ್ಫಿ. ಮುಂದಿನ ವರ್ಷ ಅದ ಮಾತು, ಅದ ಚಪ್ಪಾಳಿ. ಅದರ ಮುಂದಿನ ವರ್ಷನೂ ಅದ. ಕುರ್ಚಿ ಹೋತು, ಹುಡುಗಿ ನನಗಿಂತ ಎತ್ತರ ಆದ್ಲು, ಆ ಒಂದು ಮಾತು ಮಾತ್ರ ಬದಲಾಗಲಿಲ್ಲ.

ನಾನೂ ಏನ ಕಮ್ಮಿ ಇರಲಿಲ್ಲ, ಸುಳ್ಳು ಯಾಕ ಹೇಳಲಿ. ಆ ಬಂಗಾರದ ಕೂದಲಿಗೆ ಎಣ್ಣಿ ಹಚ್ಚಿ, ಹೆರಳು ಹಾಕಿ, ಹೂವ ಮುಡಿಸಿ, ವೇದಿಕಿ ಮುಂದ ನಿಂತು ವಿಡಿಯೋ ತಗೊಂಡು ಗದಗಿಗೆಲ್ಲ ಕಳಸ್ತಿದ್ದಾಕಿ ನಾನ.

ಈ ವರ್ಷ ಆಕಿಗೆ ಹದಿನೈದು. ಕೂಟದವರು ಒಂದು ನಗಿ ನಾಟಕ ಎತ್ತಿಕೊಂಡಿದ್ರು. ಅದರಾಗ ಒಬ್ಬ ಬಾಯಿಬಡಕಿ ಅತ್ತಿ. ಆ ಪಾತ್ರ ನನಗ ಬೇಕು ಅಂತ ಇಂಗ್ರಿಡ್ ಹಟಾ ಹಿಡದ್ಲು. ಸೆರಗು ಸೊಂಟಕ್ಕ ಸಿಗಿಸಿ, ನಮ್ಮವ್ವನ ಧಾಟಿಯೊಳಗ ಫ್ರಿಜ್ಜಿಗೆ ಬೈದು ಬೈದು ಅಭ್ಯಾಸ ಮಾಡಿದ್ಲು. ಎರಿಕ್‌ಗ ಒಂದು ಅಕ್ಷರ ತಿಳೀದಿದ್ರೂ ಹೊಟ್ಟಿ ಹಿಡಕೊಂಡು ನಗತಿದ್ದ.

ಧನಂಜಯ ಆಕಿ ಮುಂದ ಇಲ್ಲ ಅನ್ನಲಿಲ್ಲ, ನೋಡೋಣಮ್ಮಾ ಅಂದು ಕಳಿಸಿದ್ರು. ಮರುದಿನ ನಾವಿಬ್ರೂ ಕಾರಿನಾಗ ಇದ್ದಾಗ ನನಗ ಕಾಲ್ ಮಾಡಿದ್ರು. ಸ್ಪೀಕರ್ ಚಾಲೂ ಇತ್ತು. ಆ ಕೂದಲು ನೋಡಿದ್ಮೇಲೆ ಯಾರು ಮೇಡಂ ಅವಳನ್ನ ಅತ್ತೆ ಅಂತ ನಂಬ್ತಾರೆ ಅಂದ್ರು. ಕರೀ ವಿಗ್ ಹಾಕಿದ್ರ ಆತಲ್ರಿ ಅಂದೆ. ಅಯ್ಯೋ ಬೇಡ, ಸ್ವಾಗತಕ್ಕೆ ಅವಳ ಫೋಟೊ ಪೋಸ್ಟರ್‌ನಲ್ಲಿ ಹಾಕಿದೀವಿ, ಜನ ಆ ಗೋಲ್ಡನ್ ಹೇರ್ ನೋಡೋಕೇ ಬರೋದು ಅಂದ್ರು.

ಇಂಗ್ರಿಡ್ ಕಿಟಕಿ ಕಡೆ ಮಾರಿ ತಿರುವಿಕೊಂಡು ಕುಂತಿದ್ಲು. ಮನಿ ಬಂತು, ಕಾರಿನಿಂದ ಇಳೀಲಿಲ್ಲ.

"ಅವ್ವಾ, ಅವರು ನನ್ನ ಕರಿಯೂದಿಲ್ಲ. ನನ್ನ ಕೂದಲಾ ಕರೀತಾರ," ಅಂದ್ಲು.

ಆಮ್ಯಾಲ, ನೀ ತಿಂಗಳಿಗೊಮ್ಮೆ ಹಚ್ಕೋತೀಯಲ್ಲ ಮದರಂಗಿ, ಅದನ್ನ ನನಗೂ ಹಚ್ಚು ಅಂದ್ಲು.

ಆ ಕೂದಲಾ ಕಂಡ್ರ ನನಗೂ ಜೀವ. ಎರಡು ದಿನ ಸಬೂಬು ಹೇಳಿದೆ. ಮೂರನೇ ದಿನ ಎರಿಕ್, ತಲಿ ಆಕಿದಲ್ಲೇನು ಅಂದ. ನಾ ಎದ್ದು ಮದರಂಗಿ ಡಬ್ಬಿ ತಗದೆ.

ಮದರಂಗಿ ಪುಡಿ ಜರಡಿ ಹಿಡದು, ಚಹಾದ ಡಿಕಾಕ್ಷನ್, ಲಿಂಬಿ ರಸ ಹಾಕಿ, ಕಬ್ಬಿಣದ ಬಾಣಲಿಯೊಳಗ ರಾತ್ರಿ ನೆನಿ ಇಟ್ಟೆ. ಮುಂಜಾನೆ ಹಚ್ಚಿದೆ. ನನ್ನ ಲೆಕ್ಕ ಎಲ್ಲ ಕರೀ ತಲಿ ಲೆಕ್ಕ. ನನಗ ನಾಲ್ಕು ತಾಸು ಇಟ್ರೂ ಅಲ್ಲೊಂದು ಇಲ್ಲೊಂದು ನರೆಗೂದಲು ಕೆಂಪಾಗತಾವು, ಉಳಿದದ್ದು ಇದ್ದಂಗ ಇರತೈತಿ. ಆಕಿಗೂ ಹಂಗ ನಾಲ್ಕು ತಾಸು ಪ್ಲಾಸ್ಟಿಕ್ ಕಟ್ಟಿ ಕೂಡಿಸಿದೆ. ಬಂಗಾರದ ಕೂದಲಿಗೆ ಬಣ್ಣ ಹೆಂಗ ಹತ್ತತೈತಿ ಅಂತ ನನ್ನ ಮಂದಬುದ್ಧಿಗೆ ಹೊಳಿಲೇ ಇಲ್ಲ. ತೊಳದ್ರ, ಹಸರು ರಾಡಿ ಹರದು ಹೋಗಿ ಒಳಗಿಂದ ಗಜ್ಜರಿ ಬಣ್ಣ ಬಂತು. ಭಗಭಗ ಉರಿಯೂ ಬಣ್ಣ. ನಾ ಟಬ್ಬಿನ ದಂಡಿಗೆ ಕುಂತುಬಿಟ್ಟೆ. ಆಕಿ ಕನ್ನಡಿ ಮುಂದ ಬಾಳೊತ್ತು ನಿಂತ್ಲು. ಆ ಕಡೆ ತಿರುಗಿದ್ಲು, ಈ ಕಡೆ ತಿರುಗಿದ್ಲು, ಆಮ್ಯಾಲ ನಕ್ಕ ನಗಿ ಕೆಳಗಿನ ಕೋಣಿತನಕ ಕೇಳಸ್ತು. ಎರಡು ದಿನಕ್ಕ ಬಣ್ಣ ಇಳದು ಇಟ್ಟಂಗಿ ಕೆಂಪಾತು.

ಶನಿವಾರ ಹತ್ರದ ಊರು ಬೆಲ್ವ್ಯೂದಾಗ ಕಾರ್ಯಕ್ರಮದ ತಾಲೀಮು. ನಾವು ಒಳಗ ಕಾಲಿಟ್ಟ ಕೂಡ್ಲೆ ಎಲ್ಲಾರ ಮಾತು ನಿಂತು ಹೋತು. ಧನಂಜಯ ನನ್ನ ಬಾಜೂಕ ಕರಕೊಂಡು, ಏನ್ ಮೇಡಂ ಹೀಗ್ ಮಾಡಿಬಿಟ್ರಿ, ಇನ್ನೆರಡು ವಾರ ಇದೆ, ಪಾರ್ಲರ್‌ಗೆ ಹೋಗಿ ತೆಗಿಸಿ ಅಂದ್ರು. ಇದು ತಗಿಸಿದ್ರ ಹೋಗೂ ಬಣ್ಣ ಅಲ್ರಿ, ಬೆಳದು ಕತ್ತರಿಸಿದಾಗ ಹೋಗೂದು ಅಂದೆ. ಅವರು ಸ್ವಲ್ಪ ವಿಚಾರ ಮಾಡಿ, ಎಲ್ಲಾರಿಗೂ ಕೇಳೂ ಹಂಗ ಒಂದು ಮಾತು ಅಂದ್ರು. ಸ್ವಾಗತದ ಎರಡು ನಿಮಿಷ ಗೋಲ್ಡನ್ ವಿಗ್ ಹಾಕ್ಕೊಳ್ಳಲಿ, ಆಮೇಲೆ ಅತ್ತೆ ಪಾರ್ಟು ಅವಳಿಗೇ.

ಆಕಿಗೆ ಆ ಪಾತ್ರ ಎಷ್ಟು ಬೇಕಾಗಿತ್ತು ಅನ್ನೂದು ನನಗ ಗೊತ್ತು. ಹೂಂ ಅಂದ್ಲಂದ್ರ ಹೆಂಗ ಅಂತ ಹೆದರಿಕಿ. ಒಲ್ಲೆ ಅಂದ್ಲಂದ್ರ ಪಾತ್ರ ಹೋಗತೈತಿ, ಆ ಸಂಕಟ ಬ್ಯಾರೆ.

ಇಂಗ್ರಿಡ್ ಜಗ್ಗಲಿಲ್ಲ. "ನನ್ನ ಕೂದಲಿನ ವೇಷ ನಾನ ಹಾಕೂದಿಲ್ರಿ," ಅಂದ್ಲು. "ಅತ್ತಿ ಪಾತ್ರ ಬ್ಯಾಡ್ರಿ. ಸ್ವಾಗತನೂ ಬ್ಯಾಡ್ರಿ."

ಅಷ್ಟಕ್ಕ ಬಿಡಬೇಕಾಗಿತ್ತು, ಆದ್ರ ನನ್ನ ಬಾಯಿ ಸುಮ್ಮನಿರಬೇಕಲ್ಲ. ಐವತ್ತೆಂಟು ವರ್ಷದ ಧನಂಜಯರ ತಲಿ ಕಾಡಿಗಿ ಮೆತ್ತಿದಂಗ ಕರ್ರಗ ಐತಿ. ನೀವು ಮೊದಲ ಅದನ್ನ ತೊಳಕೊಂಡು ಬರ್ರಿ, ಆಮ್ಯಾಲ ನನ್ನ ಮಗಳ ಬಣ್ಣದ ಮಾತು ಮಾತಾಡೂಣು ಅಂದೆ. ಹಿಂದ ಯಾರೋ ನಗಿ ಬಂದದ್ದನ್ನ ಕೆಮ್ಮಿನಾಗ ಮುಚ್ಚಿಕೊಂಡ್ರು.

ದಾರಿಯೊಳಗ ಹುಡುಗಿ ಬಿಕ್ಕಿ ಬಿಕ್ಕಿ ಅತ್ಲು. ನನಗೂ ಕಣ್ಣೀರು ತಡೀಲಿಲ್ಲ. ಇನ್ನ ಆ ಕೂಟದ ಹೊಸ್ತಿಲಾ ತುಳಿಯೂದಿಲ್ಲ ಅಂದೆ. ಆಕಿ ಮಾರಿ ಒರಸಿಕೊಂಡು, ನಾ ಏನು ತಪ್ಪು ಮಾಡೀನಿ, ಯಾಕ ಹೋಗಬಾರದು ಅಂತ ನನ್ನ ಮ್ಯಾಲ ರೇಗಿದ್ಲು. ಊಟಾ ಬಡಸಾಕ ನಮ್ಮಿಬ್ಬರ ಹೆಸರು ಕೊಡು ಅಂದ್ಲು. ಕೊಟ್ಟೆ.

ರಾಜ್ಯೋತ್ಸವದ ದಿನ ಸಾಲಿ ಹಾಲ್‌ನಾಗ ನಾ ರೊಟ್ಟಿ ಬಡಸ್ತಿದ್ದೆ, ಬಾಜೂಕ ಆಕಿ ಬದನಿಕಾಯಿ ಪಲ್ಯ. ಕೆಂಪು ಹೆರಳು ಬೆನ್ನ ಮ್ಯಾಲ ಬಿಟ್ಟುಕೊಂಡು ನೆಟ್ಟಗ ನಿಂತಿದ್ಲು. ಕೆಲವರು ಪಿಸಿಪಿಸಿ ಅಂದ್ರು. ಒಂದಿಬ್ಬರು ಸೆಲ್ಫಿಗೆ ಬಂದ್ರ, ಕೈ ಎಣ್ಣಿ ಆಗ್ಯಾವ್ರಿ ಅಂದು ಸೌಟು ತೋರಿಸಿದ್ಲು. ಸಾಲು ಅರ್ಧಕ್ಕ ಬಂದಾಗ ಧನಂಜಯ ಮೈಕ್ ಹಿಡಕೊಂಡ ಓಡಿಬಂದ್ರು. ಎಲ್ರೂ ಕೇಳ್ತಿದ್ದಾರೆ ಇಂಗ್ರಿಡ್, ಕೆಂಪು ಕೂದಲಾದ್ರೂ ಪರವಾಗಿಲ್ಲ, ಎರಡೇ ನಿಮಿಷ ಬಂದು ಆ ಒಂದು ಮಾತು ಹೇಳಿಬಿಡು ಅಂತ ಗೋಗರದ್ರು. ಆಕಿ ಸೌಟು ಹಿಡಕೊಂಡು ನಿಂತ್ಲು. ಏನು ಹೇಳಾಕಿ ಇದ್ಲೋ ಗೊತ್ತಿಲ್ಲ.

ಅವರ ಹಿಂದ ಬೆಟ್ಟಮ್ಮ ಅನ್ನೂ ಅಜ್ಜಿ ನಿಂತಿದ್ರು. ಮಂಡ್ಯದ ಕಡೆಯವರು, ಮರ್ಸರ್ ಐಲ್ಯಾಂಡಿನ ಮಗನ ಮನಿಗೆ ಬಂದು ವಾರ ಆಗಿತ್ತು. ಇಂಗ್ರಿಡ್ ಯಾರು, ವೇದಿಕಿ ಏನು, ಅವರಿಗೆ ಯಾವುದೂ ಗೊತ್ತಿಲ್ಲ. ಧನಂಜಯರ ಮೊಣಕೈ ಸರಿಸಿ ತಟ್ಟಿ ಮುಂದ ಚಾಚಿದ್ರು.

"ಏನೇ ಹುಡ್ಗಿ, ಸೌಟು ಹಿಡ್ಕಂಡು ಮಾತಾಡ್ಕಂಡ್ ನಿಂತಿದ್ದೀಯಲ್ಲ. ರೊಟ್ಟಿ ಆರೋಯ್ತು, ಬಡ್ಸು."

ಇಂಗ್ರಿಡ್ ತಪ್ಪಾತ್ರಿ ಅಜ್ಜಿ ಅಂದು ಗಡಬಡಿಸಿ ಎರಡು ಸೌಟು ಹಾಕಿದ್ಲು. ಅಷ್ಟೊಂದ್ಯಾಕೆ ಸುರೀತೀಯೇ, ಬಡ್ಸಕ್ಕೂ ಕಲ್ಸಿಲ್ವಾ ನಿಮ್ಮವ್ವ ಅಂತ ಬೆಟ್ಟಮ್ಮ ಮತ್ತೊಮ್ಮೆ ಝಾಡಿಸಿ ಮುಂದ ಹೋದ್ರು. ಹನ್ನೊಂದು ವರ್ಷದಾಗ ಈ ಹಾಲ್‌ನೊಳಗ ಆಕಿಗೆ ಎಷ್ಟು ಚಂದ, ಎಷ್ಟು ಮುದ್ದು ಅಂದವರ ಎಲ್ಲಾರೂ. ಬೈದವರು ಒಬ್ಬರೂ ಇರಲಿಲ್ಲ.

ಇಂಗ್ರಿಡ್ ಧನಂಜಯರ ಕಡೆ ತಿರುಗಿ, ತಾಟು ತಗೊಂಡು ಸಾಲಿನಾಗ ಬರ್ರಿ ಸರ್, ಹಿಂದ ಮಂದಿ ಕಾಯಾಕತ್ಯಾರ ಅಂದ್ಲು. ಅವರು ಮೈಕ್ ಹಿಡಕೊಂಡ ಹಂಗ ಹೊಳ್ಳಿ ಹೋದ್ರು. ಆಕಿ ನನ್ನ ಕಿವಿ ಹತ್ರ ಬಾಗಿದ್ಲು. ಮಾರಿ ಅರಳಿತ್ತು.

"ಅವ್ವಾ, ಆ ಅಜ್ಜಿ ನನಗ ಎರಡ ಸಲ ಬೈದ್ರು."

"ಕೇಳೇನಿ," ಅಂದೆ. ಮುಂದಿನ ತಾಟಿಗೆ ಒಂದು ರೊಟ್ಟಿ ಹಾಕಿದೆ. "ನಕ್ಕೋತ ನಿಂದರಬ್ಯಾಡ, ಕೈ ನಡಸು."